ಹಳೇಬೀಡಿನ ಪಿನ್ ಕೋಡಿಗೆ ಎರಡು ದಾರಿ

ಹಾಸನದ ವಿಳಾಸ ಬರೆದವರಿಗೆಲ್ಲ 573201 ಗೊತ್ತು. ಆದರೆ ಅದನ್ನು ಯಾರೂ ಐದು ಲಕ್ಷದ ಎಪ್ಪತ್ತಮೂರು ಸಾವಿರದ ಇನ್ನೂರ ಒಂದು ಎಂದು ಓದುವುದಿಲ್ಲ. 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ತಂದ ಅಂಚೆಯವರಿಗೂ ಬೇಕಿದ್ದದ್ದು ಕಾಗದಗಳನ್ನು ಊರುವಾರು ಬೇರ್ಪಡಿಸುವ ಅನುಕೂಲವೇ ಹೊರತು ಗಣಿತವಲ್ಲ. ಆದರೂ ಸಂಖ್ಯೆ ಎಂದ ಮೇಲೆ ಅದಕ್ಕೊಂದು ಜಾತಕ ಇದ್ದೇ ಇರುತ್ತದೆ.

573201ರ ಅಂಕಿಗಳನ್ನು ಕೂಡಿದರೆ 18. ಹಾಗಾಗಿ ಅದು 9ರಿಂದ ಭಾಗವಾಗುತ್ತದೆ, ಬರುವುದು 63689. ಇದು ಮತ್ತೆ ಒಡೆಯುವುದಾದರೆ ಒಂದು ತುಂಡಾದರೂ ವರ್ಗಮೂಲವಾದ ಸುಮಾರು 252ರ ಒಳಗಿರಲೇಬೇಕು. ಅಲ್ಲಿಯವರೆಗಿನ 54 ಅವಿಭಾಜ್ಯ ಸಂಖ್ಯೆಗಳಿಂದಲೂ ಭಾಗಿಸಿ ನೋಡಿ, ಒಂದಕ್ಕೂ ಬಗ್ಗುವುದಿಲ್ಲ. ಅಂದರೆ 63689 ಸ್ವತಃ ಅವಿಭಾಜ್ಯ.

ಬೇಸರದ ಕೆಲಸ ಇಷ್ಟೇ. 4ರಿಂದ ಭಾಗಿಸಿದಾಗ ಶೇಷ 1 ಉಳಿಯುವ ಯಾವ ಅವಿಭಾಜ್ಯವನ್ನಾದರೂ ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು ಎಂದು ಫ್ರಾನ್ಸಿನ ಗಣಿತಜ್ಞ ಫರ್ಮಾ 1640ರಲ್ಲಿ ಪ್ಯಾರಿಸಿನ ವಿದ್ವಾಂಸ ಮರ್ಸೆನ್‌ಗೆ ಕಾಗದ ಬರೆದಿದ್ದ. ಎಂದಿನಂತೆ ಸಾಧನೆ ಕೊಡುವ ಗೋಜಿಗೆ ಹೋಗಲಿಲ್ಲ. ಆ ಹೊರೆ ನೂರು ವರ್ಷದ ನಂತರ ಸ್ವಿಸ್ ಗಣಿತಜ್ಞ ಆಯ್ಲರ್‌ನ ಹೆಗಲಿಗೆ ಬಿತ್ತು. 63689ಕ್ಕೂ ಶೇಷ 1. ಹುಡುಕಿದರೆ ಸಿಗುತ್ತದೆ: 235² + 92². ಎರಡನ್ನೂ ಮೂರರಿಂದ ಗುಣಿಸಿ ವರ್ಗ ಮಾಡಿ ಕೂಡಿದರೆ, 705² + 276², ಹಾಸನವೇ ಬಂತು.

ಚಿಕ್ಕಮಗಳೂರಿನ 577101ಕ್ಕೆ ಈ ಯೋಗವಿಲ್ಲ. ಇಲ್ಲ ಎನ್ನಲು ಒಂದೊಂದನ್ನೇ ತಡಕಾಡಬೇಕಿಲ್ಲ. ಯಾವುದೇ ವರ್ಗವನ್ನು 3ರಿಂದ ಭಾಗಿಸಿದರೆ ಶೇಷ 0 ಅಥವಾ 1, ಎಂದಿಗೂ 2 ಅಲ್ಲ. ಎರಡು ವರ್ಗಗಳ ಮೊತ್ತ 3ರಿಂದ ಭಾಗವಾಗಬೇಕಾದರೆ ಎರಡರ ಶೇಷವೂ 0 ಆಗಿರಬೇಕು. ಹಾಗಾದಾಗ ಎರಡು ವರ್ಗಗಳೂ 9ರಿಂದ ಭಾಗವಾಗುತ್ತವೆ, ಮೊತ್ತವೂ ಆಗುತ್ತದೆ. 577101ರ ಅಂಕಿಗಳ ಮೊತ್ತ 21: 3ಕ್ಕೆ ಒಗ್ಗುತ್ತದೆ, 9ಕ್ಕೆ ಒಗ್ಗುವುದಿಲ್ಲ. ಮಾತು ಮುಗಿಯಿತು. ನನ್ನ ಮಟ್ಟಿಗೆ, ಹಾಸನಕ್ಕೆ ಉತ್ತರ ಸಿಕ್ಕಿದ್ದಕ್ಕಿಂತ ಇಲ್ಲಿ ಉತ್ತರವೇ ಇಲ್ಲವೆಂದು ನಾಲ್ಕು ಸಾಲಿನಲ್ಲಿ ಗೊತ್ತಾದದ್ದೇ ಹೆಚ್ಚು ರುಚಿ. ಬೇಲೂರಿನ 573115 ಇನ್ನೂ ಬೇಗ ಸೋಲುತ್ತದೆ. 4ರಿಂದ ಭಾಗಿಸಿದಾಗಲೂ ವರ್ಗದ ಶೇಷ 0 ಅಥವಾ 1 ಮಾತ್ರ. ಎರಡು ಸೇರಿ 3 ಆಗುವ ಮಾತೇ ಇಲ್ಲ. ಬೇಲೂರಿನ ಶೇಷ 3.

ಪಕ್ಕದ ಹಳೇಬೀಡು 573121. ಇದು ಎರಡೂ ಬಲೆಗಳಿಂದ ಪಾರಾಗುತ್ತದೆ, ಅದೂ ಎರಡು ದಾರಿಯಲ್ಲಿ: 711² + 260², 564² + 505². ಎರಡು ಗರ್ಭಗುಡಿಗಳ ಹೊಯ್ಸಳೇಶ್ವರನ ಊರಿಗೆ ಇದು ಒಪ್ಪುತ್ತದೆ ಎನ್ನಿಸಿದರೆ, ಅದು ಬರೀ ಕಾಕತಾಳೀಯ. ಅವಿಭಾಜ್ಯ ಸಂಖ್ಯೆಗೆ ಇಂಥ ದಾರಿ ಒಂದಕ್ಕಿಂತ ಹೆಚ್ಚು ಇರುವುದಿಲ್ಲ. ಆದ್ದರಿಂದ ಎರಡು ಕಂಡ ಕೂಡಲೇ, ಒಂದು ಭಾಗಾಕಾರವನ್ನೂ ಮಾಡದೆ, 573121 ಒಡೆಯುತ್ತದೆ ಎನ್ನಬಹುದು. ಆಯ್ಲರ್ ಇದನ್ನೇ ಅಪವರ್ತನಗಳನ್ನು ಹುಡುಕುವ ಉಪಾಯವಾಗಿ ಮಾಡಿಕೊಂಡ. 711ರಲ್ಲಿ 505 ಕಳೆದರೆ 206. 564ರಲ್ಲಿ 260 ಕಳೆದರೆ 304. ಎರಡನ್ನೂ ಅರ್ಧ ಮಾಡಿದರೆ 103 ಮತ್ತು 152. ಅವುಗಳ ವರ್ಗಗಳ ಮೊತ್ತ 33713. ಅದರ ಹದಿನೇಳರಷ್ಟು ಹಳೇಬೀಡು.