ಸುಳ್ಳು ಲಾಭ ಎಲ್ಲಿ ಹೋಗಿ ಕೂರುತ್ತದೆ? ಸತ್ಯಂ ಪ್ರಕರಣದ ಟಿಪ್ಪಣಿ

ಲೆಕ್ಕಪರಿಶೋಧನೆ ಪತ್ರಿಕೆಗೆ ಓದುತ್ತಿರುವ ಗೆಳೆಯರಿಗೆ, ಕಲಬುರಗಿಯಿಂದ. ನಿನ್ನೆ ರಾತ್ರಿಯಷ್ಟೇ ತಲೆಗೆ ಹತ್ತಿದ ವಿಷಯ, ಮರೆಯುವ ಮೊದಲು ಬರೆಯುತ್ತಿದ್ದೇನೆ.

2009ರ ಜನವರಿ 7ರಂದು ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ಬಿ. ರಾಮಲಿಂಗರಾಜು ನಿರ್ದೇಶಕ ಮಂಡಳಿಗೆ ತಪ್ಪೊಪ್ಪಿಗೆ ಪತ್ರ ಬರೆದರು. ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ನನಗೆ ತೊಡಕಾದದ್ದು ಇಲ್ಲೇ. ಮಾರಾಟ ಹಿಗ್ಗಿಸಿ ತೋರಿಸಿದರು, ಸರಿ. ಆದರೆ ಬ್ಯಾಂಕಿನ ಶಿಲ್ಕನ್ನೇ ಸುಳ್ಳು ಬರೆಯುವ ಗೊಡವೆ ಯಾಕೆ ಬಂತು? ಒಂದು ಫೋನ್ ಮಾಡಿದರೆ ಸಿಕ್ಕಿಬೀಳುವ ಜಾಗವಲ್ಲವೇ ಅದು?

ಗಂಜ್‌ನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ನನ್ನ ಸೋದರಮಾವನನ್ನು ಕೇಳಿದೆ. ಅವರೆಂದರು: "ಉದ್ದರಿ ಅಂತ ಬರದ್ರ ಎಷ್ಟು ದಿನ ಇಟ್ಕೊಂತಿ? ಯಾವಾಗರ ಒಂದಿನ ವಸೂಲಾತು ಅಂತ ಬರೀಲೇಬೇಕಲ್ಲ."

ಇದನ್ನು ಬಿಡಿಸಿ ನೋಡೋಣ. ಒಬ್ಬ ವ್ಯಾಪಾರಿ ದಾಲ್ ಮಿಲ್ಲಿಗೆ 100 ಕ್ವಿಂಟಲ್ ತೊಗರಿ ಮಾರಿದಂತೆ 6 ಲಕ್ಷದ ಸುಳ್ಳು ಬಿಲ್ ಹರಿದ ಅಂದುಕೊಳ್ಳಿ. ಋಣಿಗಳ (ನಮಗೆ ದುಡ್ಡು ಕೊಡಬೇಕಾದವರ) ಖಾತೆಗೆ ಡೆಬಿಟ್, ಮಾರಾಟಕ್ಕೆ ಕ್ರೆಡಿಟ್. ಲಾಭ ಏರಿತು. ಸುಳ್ಳು ಈಗ ಉದ್ದರಿ ಬಾಕಿಯಲ್ಲಿ ಕೂತಿದೆ. ಆರು ತಿಂಗಳಾದರೂ ಬಾಕಿ ಹಾಗೇ ಉಳಿದರೆ ಆಡಿಟರ್ ದಾಲ್ ಮಿಲ್ಲಿಗೆ ಕಾಗದ ಬರೆಯಬಹುದು, ಸಂಶಯದ ಸಾಲ ಎಂದು ಮೀಸಲು ತೆಗೆಸಬಹುದು, ಅಂದರೆ ಬಾರದೇ ಹೋಗಬಹುದಾದ ದುಡ್ಡನ್ನು ಮೊದಲೇ ಲಾಭದಿಂದ ಕಳೆಸಬಹುದು. ಮೀಸಲು ತೆಗೆದರೆ ತೋರಿಸಿದ ಲಾಭ ಅಲ್ಲೇ ಕರಗಿತು. ಹಾಗಾಗಿ ಇನ್ನೊಂದು ನಮೂದು: ಬ್ಯಾಂಕಿಗೆ ಡೆಬಿಟ್, ಋಣಿಗಳಿಗೆ ಕ್ರೆಡಿಟ್. ಬಾಕಿ ತೀರಿತು. ಆದರೆ ಸುಳ್ಳು ಸಾಯಲಿಲ್ಲ, ಬ್ಯಾಂಕ್ ಸಾಲಿಗೆ ಸ್ಥಳ ಬದಲಿಸಿತು ಅಷ್ಟೇ.

ಇನ್ನೊಂದು ಮಾತು, ಇದನ್ನು ನಾನು ಗೋಡೆಗೆ ಅಂಟಿಸಿದ್ದೇನೆ: ಲಾಭ-ನಷ್ಟದ ಲೆಕ್ಕ ಪ್ರತಿ ಏಪ್ರಿಲ್‌ಗೆ ಸೊನ್ನೆಯಿಂದ ಶುರುವಾಗುತ್ತದೆ, ಆಸ್ತಿ-ಹೊಣೆ ಪಟ್ಟಿ ಸೊನ್ನೆಯಾಗುವುದಿಲ್ಲ. ಪ್ರತಿ ವರ್ಷದ ಸುಳ್ಳು ಲಾಭ ಹಿಂದಿನದರ ಮೇಲೆ ಪೇರುತ್ತಾ ಹೋಗುತ್ತದೆ. ಅಷ್ಟು ದುಡ್ಡು ಇದ್ದ ಮೇಲೆ ಬಡ್ಡಿಯೂ ಬರಬೇಕಲ್ಲ? ಅದಕ್ಕೇ ಆ ಪತ್ರದಲ್ಲಿ 376 ಕೋಟಿಯ ಇಲ್ಲದ ಬಡ್ಡಿ ಬೇರೆ.

ತೊಗರಿ ವ್ಯಾಪಾರದಲ್ಲಿ ಇದು ಬೇಗ ಸಿಕ್ಕಿಬೀಳುತ್ತದೆ. ಗೋದಾಮಿಗೆ ಹೋಗಿ ಚೀಲ ಎಣಿಸಿದರೆ ಸಾಕು, ಮಾರಿದ ಮಾಲು ಅಲ್ಲೇ ಇರುತ್ತದೆ. ಸಾಫ್ಟ್‌ವೇರ್‌ಗೆ ಚೀಲವೇ ಇಲ್ಲ. ಸುಳ್ಳು ಬಿಲ್ಲಿಗೆ ತಕ್ಕಂತೆ ಖರ್ಚನ್ನೂ ಏರಿಸಲಿಲ್ಲ ಎಂಬುದು 2008ರ ಸೆಪ್ಟೆಂಬರ್ ತ್ರೈಮಾಸಿಕದ ಅಂಕಿಗಳಲ್ಲೇ ಇದೆ. ತೋರಿಸಿದ ಆದಾಯ 2,700 ಕೋಟಿ, ನಿಜ 2,112. ತೋರಿಸಿದ ಕಾರ್ಯಾಚರಣೆ ಲಾಭ 649 ಕೋಟಿ, ನಿಜ 61. ಎರಡನ್ನೂ ಕಳೆದು ನೋಡಿ: 588, 588. ಸುಳ್ಳು ಆದಾಯದ ಪ್ರತಿ ರೂಪಾಯಿಯೂ ನೇರ ಲಾಭಕ್ಕೆ ಇಳಿದಿದೆ. ಇದನ್ನು ಕಂಡಾಗ ನನಗೆ ಮೈ ಜುಮ್ಮೆಂದಿತು.

ಉಳಿದ ಅಂಕಿಗಳು: ಋಣಿಗಳಲ್ಲಿ 490 ಕೋಟಿ ಹೆಚ್ಚು, ಮುಚ್ಚಿಟ್ಟ ಹೊಣೆ 1,230 ಕೋಟಿ. ಹೊಣೆಯನ್ನು ಕಳೆಯಬಾರದು, ಕೂಡಬೇಕು. ಇಲ್ಲದ ಆಸ್ತಿ, ಮುಚ್ಚಿಟ್ಟ ಸಾಲ ಎರಡೂ ಷೇರುದಾರರ ಪಾಲನ್ನು ಕಡಿಮೆ ಮಾಡುತ್ತವೆ. ಇಲ್ಲದ ನಗದು 5,040, ಇಲ್ಲದ ಬಡ್ಡಿ 376, ಋಣಿಗಳ 490, ಮುಚ್ಚಿಟ್ಟ ಹೊಣೆ 1,230 ಕೂಡಿದರೆ ಒಟ್ಟು 7,136 ಕೋಟಿ.

2008ರ ಡಿಸೆಂಬರ್ 16ರ ಮೇಟಾಸ್ ವ್ಯವಹಾರವೂ ಈಗ ಅರ್ಥವಾಗುತ್ತದೆ. ಮೇಟಾಸ್ ಹೆಸರಿನ, ರಾಜು ಕುಟುಂಬದ ಎರಡು ಕಂಪನಿಗಳನ್ನು ಸತ್ಯಂ ಕೊಂಡರೆ, ಇಲ್ಲದ ನಗದನ್ನು "ಕೊಟ್ಟೆವು" ಎಂದು ಬರೆದು ಆ ಜಾಗದಲ್ಲಿ ನಿಜವಾದ ಭೂಮಿ, ಕಾಮಗಾರಿಗಳನ್ನು ತಂದು ಕೂರಿಸಬಹುದಿತ್ತು. ಹೂಡಿಕೆದಾರರು ಸಿಟ್ಟಿಗೆದ್ದದ್ದರಿಂದ ನಿಂತಿತು. ಮಂಡಳಿ ಮಾತ್ರ, ಸ್ವತಂತ್ರ ನಿರ್ದೇಶಕರು ಸೇರಿ, ಒಪ್ಪಿಗೆ ಕೊಟ್ಟಾಗಿತ್ತು. ಮನೆಯವರ ಕಂಪನಿಯನ್ನು ಊರವರ ದುಡ್ಡಿನಲ್ಲಿ ಕೊಳ್ಳುವಾಗ "ಯಾಕೆ?" ಎಂದು ಕೇಳಬೇಕಾದವರು ಅವರೇ. ನೈತಿಕ ಆಡಳಿತ ಎಂದು ಉತ್ತರದಲ್ಲಿ ಬರೆಯುವಾಗ ದೊಡ್ಡ ಪದಗಳಿಗಿಂತ ಈ ಸಭೆಯನ್ನು ಬರೆಯಿರಿ.

ಆಡಿಟರ್ ಭಾಗ ಚಿಕ್ಕದು. ಬ್ಯಾಂಕಿನ ದೃಢೀಕರಣ ಕಂಪನಿಯ ಕೈಯಿಂದ ಬರಬಾರದು. ಆಡಿಟರ್ ತಾನೇ ಕೇಳಿ, ಉತ್ತರವನ್ನು ತಾನೇ ನೇರವಾಗಿ ಪಡೆಯಬೇಕು. ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಂಡವನನ್ನೇ ಒಳಗೆಷ್ಟಿದೆ ಎಂದು ಕೇಳಿದರೆ ಅದು ತಪಾಸಣೆಯಾಗುವುದಿಲ್ಲ.

2013ರ ಕಂಪನಿ ಕಾಯ್ದೆಯಿಂದ ನೆನಪಿಡಬೇಕಾದವು: ಸೆಕ್ಷನ್ 139 ಆಡಿಟರ್ ಬದಲಾವಣೆ, 143(12) ಆಡಿಟರ್ ಕಂಡ ವಂಚನೆಯನ್ನು ವರದಿ ಮಾಡುವುದು, 447 ವಂಚನೆಗೆ ಶಿಕ್ಷೆ. ನಾನು ಒತ್ತಿ ಓದಿದ್ದು 177, ಆಡಿಟ್ ಸಮಿತಿಯ (ಲೆಕ್ಕಪತ್ರದ ಮೇಲೆ ಕಣ್ಣಿಡುವ ನಿರ್ದೇಶಕರ ಸಮಿತಿಯ) ಸೆಕ್ಷನ್. ಇಷ್ಟು ವರ್ಷದ ಸುಳ್ಳು ಬಿಲ್ಲುಗಳು ಒಬ್ಬನೇ ಕೂತು ಬರೆಯುವ ಕೆಲಸವಲ್ಲ. 2015ರಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ತಪ್ಪಿತಸ್ಥರೆಂದದ್ದು ಹತ್ತು ಜನರನ್ನು. ಲೆಕ್ಕದ ಕೋಣೆಯಲ್ಲಿ ಕೂತವರಿಗೆ ಇಂಥದ್ದು ಮೊದಲು ಕಾಣುತ್ತದೆ. ಅಂಥ ನೌಕರ ಬಾಯಿಬಿಟ್ಟರೆ ಅವನಿಗೆ ಕಿರುಕುಳ ಆಗದಂತೆ ರಕ್ಷಣೆ ಇರಬೇಕು, ಅಗತ್ಯ ಬಿದ್ದಾಗ ಅವನು ನೇರವಾಗಿ ಆಡಿಟ್ ಸಮಿತಿಯ ಅಧ್ಯಕ್ಷರ ಬಳಿ ಹೋಗಬಹುದು ಎನ್ನುತ್ತದೆ ಆ ಸೆಕ್ಷನ್.