ರೋಗದ ಗುರುತು ಒಂದು ಜೀನ್‌ನಲ್ಲಿ, ತಪ್ಪು ಇನ್ನೊಂದರಲ್ಲಿ

ರೋಗದ ಜೊತೆ ಕಾಣುವ ಡಿಎನ್‌ಎ ಬದಲಾವಣೆ ನಿಜಕ್ಕೂ ಯಾವ ಜೀನ್ ಕೆಡಿಸುತ್ತದೆ ಅನ್ನುವುದು ನೆನ್ನೆ ತಾನೇ ಅರ್ಥವಾಯಿತು, ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಡಿಎನ್‌ಎಯಿಂದ ಆರ್‌ಎನ್‌ಎ, ಅದರಿಂದ ಪ್ರೋಟೀನ್, ಇಷ್ಟು ಗೊತ್ತಿದ್ದರೆ ಸಾಕು.

ಮನುಷ್ಯನ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಸುಮಾರು 300 ಕೋಟಿ ಅಕ್ಷರ; ಅಕ್ಷರಗಳು ನಾಲ್ಕೇ ಬಗೆ: ಎ, ಟಿ, ಜಿ, ಸಿ. ಯಾರದನ್ನೇ ತೆಗೆದುಕೊಂಡು ಮಾದರಿ ಜೀನೋಮ್ ಪಕ್ಕ ಇಟ್ಟರೂ 40ರಿಂದ 50 ಲಕ್ಷ ಕಡೆ ವ್ಯತ್ಯಾಸ ಕಾಣುತ್ತದೆ. ಬಹುಪಾಲು ಯಾರ ತಂಟೆಗೂ ಹೋಗುವುದಿಲ್ಲ.

ಪ್ರೋಟೀನ್ ಬರೆಯುವ ಜಾಗದಲ್ಲೇ ಅಕ್ಷರ ಬದಲಾದರೆ ಕಥೆ ಸುಲಭ. ಅಲ್ಲಿ ಓದು ಮೂರು ಮೂರು ಅಕ್ಷರವಾಗಿ ನಡೆಯುತ್ತದೆ, ಮೂರಕ್ಕೆ ಪ್ರೋಟೀನ್‌ನ ಒಂದು ಕೊಂಡಿ, ಅಂದರೆ ಒಂದು ಅಮೈನೋ ಆಮ್ಲ. ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆಯಲ್ಲಿ ಜಿಎಜಿ ಅನ್ನುವುದು ಜಿಟಿಜಿ ಆಗುತ್ತದೆ, ಗ್ಲುಟಾಮಿಕ್ ಆಮ್ಲ ಅನ್ನುವ ಕೊಂಡಿಯ ಜಾಗಕ್ಕೆ ವ್ಯಾಲಿನ್ ಅನ್ನುವುದು ಬಂದು ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅಕ್ಷರ ಬಿಟ್ಟುಹೋಗಿದ್ದರೆ ನಾನು ಮೊದಲು ನೋಡುವುದು ಒಂದೇ: ಬಿಟ್ಟುಹೋದ ಸಂಖ್ಯೆ ಮೂರರ ಮಗ್ಗಿಯಲ್ಲಿ ಬರುತ್ತಾ? ಬರದಿದ್ದರೆ ಅಲ್ಲಿಂದ ಮುಂದಿನ ಓದೆಲ್ಲ ಎಡವಟ್ಟು. ಬಂದರೆ ಮುಂದಿನ ಓದು ಸರಿಯಾಗಿಯೇ ಇರುತ್ತದೆ. ಆದರೆ ಹಾಗಂತ ಅಪಾಯ ಇಲ್ಲ ಅಂದುಕೊಳ್ಳಬೇಡಿ. ಶ್ವಾಸಕೋಶ ಕೆಡಿಸುವ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆಯಲ್ಲಿ ಹೆಚ್ಚಾಗಿ ಕಾಣುವ ಬದಲಾವಣೆಯಲ್ಲಿ ಹೋಗಿರುವುದು ಸರಿಯಾಗಿ 3 ಅಕ್ಷರ. ಒಂದೇ ಒಂದು ಅಮೈನೋ ಆಮ್ಲ ಕಡಿಮೆ, ಅಷ್ಟಕ್ಕೇ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಜೀವಕೋಶವೇ ಅದನ್ನು ಎಸೆದುಬಿಡುತ್ತದೆ.

ಈಗ ನಾನು ಎಡವಿದ ಜಾಗ. ಸಾವಿರಾರು ಜನರ ಜೀನೋಮ್ ಹೋಲಿಸಿ, ರೋಗ ಇರುವವರಲ್ಲಿ ಯಾವ ಅಕ್ಷರ ಜಾಸ್ತಿ ಅಂತ ಹುಡುಕುವ ವಿಧಾನಕ್ಕೆ ಜಿವಾಸ್ ಅನ್ನುತ್ತಾರೆ. 2007ರಲ್ಲಿ ಬೊಜ್ಜಿಗೆ ಹೀಗೆ ಹುಡುಕಿದಾಗ ಎಫ್‌ಟಿಒ ಅನ್ನುವ ಜೀನ್ ಒಳಗಿನ ಅಕ್ಷರಗಳು ಸಿಕ್ಕವು. ನಾನು ಟಿಪ್ಪಣಿಯಲ್ಲಿ ಸುಮ್ನೆ "ಬೊಜ್ಜು ಎಫ್‌ಟಿಒದಿಂದ" ಅಂತ ಬರೆದುಕೊಂಡೆ. ಎಫ್‌ಟಿಒ ತೆಗೆದ ಇಲಿಗಳು ಸಣಕಲಾದವು ಅಂತ ಓದಿದ ಮೇಲಂತೂ ಅನುಮಾನವೇ ಉಳಿಯಲಿಲ್ಲ.

ಆದರೆ ಇಲ್ಲಿ ಎರಡು ಗಂಟುಗಳಿವೆ, ಎರಡನ್ನೂ ಬೇರೆ ಬೇರೆಯಾಗಿ ಬಿಚ್ಚಬೇಕು.

ಮೊದಲನೆಯದು, ಸಿಕ್ಕ ಅಕ್ಷರವೇ ತಪ್ಪು ಮಾಡಿದ್ದು ಅಂತ ಏನಿಲ್ಲ. ಅಪ್ಪ ಅಮ್ಮನಿಂದ ಅಕ್ಷರಗಳು ಒಂದೊಂದಾಗಿ ಬರುವುದಿಲ್ಲ, ಗೊಂಚಲು ಗೊಂಚಲಾಗಿ ಬರುತ್ತವೆ. ಒಂದೇ ಗೊಂಚಲಿನಲ್ಲಿ ನಲವತ್ತು ಬದಲಾವಣೆ ಒಟ್ಟಿಗೆ ಬಂದಿದ್ದರೆ ನಲವತ್ತೂ ರೋಗಿಗಳಲ್ಲಿ ಜಾಸ್ತಿ ಕಾಣುತ್ತವೆ, ಕೆಲಸ ಕೆಡಿಸಿದ್ದು ಒಂದೇ ಆಗಿದ್ದರೂ. ಜಿವಾಸ್ ಮನೆ ತೋರಿಸುತ್ತದೆ, ಮನೆಯೊಳಗೆ ಯಾರು ಅಂತ ಹೇಳುವುದಿಲ್ಲ.

ಎರಡನೆಯದು ನನಗೆ ಮೂರು ದಿನ ಹಿಡಿಯಿತು. ತಪ್ಪು ಮಾಡಿದ ಅಕ್ಷರ ಸಿಕ್ಕರೂ, ಅದು ಕೂತಿರುವ ಜೀನ್‌ಗೇ ತೊಂದರೆ ಆಗಿರಬೇಕು ಅಂತಿಲ್ಲ. ಎಫ್‌ಟಿಒದಲ್ಲಿನ ಬದಲಾವಣೆ ಇರುವುದು ಇಂಟ್ರಾನ್‌ನಲ್ಲಿ, ಅಂದರೆ ಪ್ರೋಟೀನ್ ಮಾಡುವಾಗ ಕತ್ತರಿಸಿ ಬಿಸಾಡುವ ತುಂಡಿನಲ್ಲಿ. ಎಫ್‌ಟಿಒ ಪ್ರೋಟೀನ್ ಹಾಗೇ ಇರುತ್ತದೆ. ಆ ತುಂಡಿನಲ್ಲಿ ಒಂದು ಸ್ವಿಚ್ ಇದೆ, ಎನ್‌ಹಾನ್ಸರ್ ಅನ್ನುತ್ತಾರೆ. ಡಿಎನ್‌ಎ ನೆಟ್ಟಗೆ ಎಳೆದ ದಾರ ಅಲ್ಲ ಅಲ್ವಾ, ಸುತ್ತಿಕೊಂಡಿರುತ್ತದೆ. ಹಾಗೆ ಸುತ್ತಿಕೊಂಡಾಗ ಈ ಸ್ವಿಚ್ ಹೋಗಿ ತಾಗುವುದು ಸುಮಾರು 5 ಲಕ್ಷ ಅಕ್ಷರ ದೂರದ ಐಆರ್‌ಎಕ್ಸ್3 ಜೀನ್‌ಗೆ. 2014ರಲ್ಲಿ ಐಆರ್‌ಎಕ್ಸ್3 ತೆಗೆದ ಇಲಿಗಳೂ ಸಣ್ಣಗಾದವು. 2015ರಲ್ಲಿ ಇನ್ನೊಂದು ತಂಡ ಅದೇ ಜಾಗದಲ್ಲಿ ಒಂದೇ ಅಕ್ಷರವನ್ನು ಬೊಟ್ಟು ಮಾಡಿತು: ಟಿ ಇರಬೇಕಾದಲ್ಲಿ ಸಿ. ಸಿ ಇದ್ದರೆ ಸ್ವಿಚ್ಚನ್ನು ಅದುಮಿ ಹಿಡಿಯುವ ಪ್ರೋಟೀನ್ ಅಲ್ಲಿ ಕೂರುವುದಿಲ್ಲ, ಐಆರ್‌ಎಕ್ಸ್3 ಮತ್ತು ಐಆರ್‌ಎಕ್ಸ್5 ಜಾಸ್ತಿ ಓಡುತ್ತವೆ, ಕೊಬ್ಬಿನ ಕೋಶ ಸುಡುವ ಬದಲು ಕೂಡಿಡುತ್ತದೆ. ಡಿಎನ್‌ಎ ಕತ್ತರಿಸಿ ತಿದ್ದುವ ಕ್ರಿಸ್ಪರ್ ಅನ್ನುವ ಸಾಧನದಿಂದ ಸಿಯನ್ನು ಟಿ ಮಾಡಿದಾಗ ಕೋಶ ಮತ್ತೆ ಸುಡತೊಡಗಿತು. ನಾನು ನಂಬಿದ್ದು ಈ ಕೊನೆಯ ಸಾಲನ್ನು. ಈ ಅಕ್ಷರದ ಮಟ್ಟಿಗೆ ಉಳಿದದ್ದೆಲ್ಲ ಸಂಬಂಧ ತೋರಿಸುತ್ತದೆ, ಇದು ಕಾರಣ ತೋರಿಸುತ್ತದೆ.

ದೊಡ್ಡವರಾದ ಮೇಲೂ ಹಾಲು ಜೀರ್ಣಿಸಿಕೊಳ್ಳುವ ಗುಣವೂ ಇದೇ ಜಾತಿ. ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್‌ನ ಜೀನ್‌ಗೆ ಸ್ವಿಚ್ ಇರುವುದು ಪಕ್ಕದ ಎಂಸಿಎಂ6 ಜೀನ್ ಒಳಗೆ, ಸುಮಾರು 14,000 ಅಕ್ಷರ ಆಚೆ.

ಸ್ವಿಚ್ ಗೊತ್ತಾದರೆ ಅದನ್ನು ಬೇಕಂತಲೇ ಕೆಡಿಸಲೂಬಹುದು. ಸಿಕಲ್ ಸೆಲ್‌ಗೆ 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಒಪ್ಪಿಗೆ ಪಡೆದ ಕ್ರಿಸ್ಪರ್ ಚಿಕಿತ್ಸೆ ಆ ಕೆಟ್ಟ ಜಿಟಿಜಿಯನ್ನು ಮುಟ್ಟುವುದೇ ಇಲ್ಲ. ಬಿಸಿಎಲ್11ಎ ಅನ್ನುವ ಬೇರೆಯೇ ಜೀನ್‌ನ ಸ್ವಿಚ್ ಕತ್ತರಿಸುತ್ತದೆ, ಆಗ ಆ ಜೀನ್ ತಡೆದು ನಿಲ್ಲಿಸಿದ್ದ, ತಾಯಿಯ ಹೊಟ್ಟೆಯಲ್ಲಿದ್ದಾಗಿನ ಹಿಮೋಗ್ಲೋಬಿನ್ ಮತ್ತೆ ತಯಾರಾಗುತ್ತದೆ.