ವರ್ಣನೆ ಎಷ್ಟು ಅನ್ನೋದಕ್ಕಿಂತ ಎಲ್ಲಿ: ಕಥೆ ಕಲಿಯುವವರಿಗೆ ಟಿಪ್ಪಣಿ

ಇಳಕಲ್ಲಿನ ನೇಕಾರರ ಮನೆಯೊಂದರ ಬಗ್ಗೆ ಸಣ್ಣಕಥೆ ಬರೆಯುತ್ತಿದ್ದೇನೆ. ಕರಡನ್ನು ಇಬ್ಬರಿಗೆ ಕೊಟ್ಟೆ. ಬಾಗಲಕೋಟೆಯ ಗೆಳತಿ, “ಮಗ್ಗದ ವರ್ಣನಿ ಭಾಳ ಆತು, ಮಾತು ಬರೂತನಕ ಹಾಳಿ ತಿರುವಿದೆ” ಎಂದಳು. ವಿಜಯಪುರದ ಗೆಳೆಯ, “ಮಾತು ಶುರು ಆದಮ್ಯಾಲ ಮಗ್ಗಾನ ಕಾಣಲಿಲ್ಲ” ಎಂದ.

ದೊಡ್ಡವರಲ್ಲೂ ಇದೇ ಭಿನ್ನಾಭಿಪ್ರಾಯ ಇದೆ. ಅಮೆರಿಕದ ಕಾದಂಬರಿಕಾರ ಎಲ್ಮೋರ್ ಲೆನರ್ಡ್ 2001ರಲ್ಲಿ ಬರೆದ ಹತ್ತು ಸೂತ್ರಗಳಲ್ಲಿ, ಪಾತ್ರವನ್ನು ಉದ್ದಕ್ಕೆ ವರ್ಣಿಸಬೇಡಿ ಎಂದರು. ಓದುಗರು ಹಾರಿಸುವ ಭಾಗವನ್ನು ನೀವೇ ಬಿಡಿ, ಮಾತನ್ನು ಯಾರೂ ಹಾರಿಸುವುದಿಲ್ಲ ಎಂಬುದು ಅವರ ವಾದ. ಆದರೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಿಂದ ಕಾಡು, ಮಳೆ ತೆಗೆದರೆ ಏನು ಉಳಿಯುತ್ತದೆ?

ನಾನು ಎಡವಿದ್ದು ಇಲ್ಲೇ. ಇದನ್ನು ಅಳತೆಯ ಲೆಕ್ಕ ಅಂದುಕೊಂಡಿದ್ದೆ. ದಾರಿ ಸಿಕ್ಕಿದ್ದು ಅಮೆರಿಕದ ಲೇಖಕ ಹೆಮಿಂಗ್ವೇ ಅವರ 1927ರ ‘ಹಿಲ್ಸ್ ಲೈಕ್ ವೈಟ್ ಎಲಿಫಂಟ್ಸ್’ ಕಥೆಯಲ್ಲಿ. ಸ್ಪೇನಿನ ರೈಲು ನಿಲ್ದಾಣ, ಒಬ್ಬ ಗಂಡಸು, ಒಬ್ಬ ಹುಡುಗಿ. ಬಹುಪಾಲು ಮಾತೇ. ಮಾತು ಅವಳ ಗರ್ಭಪಾತದ ಬಗ್ಗೆಯೇ, ಆದರೆ ಆ ಶಬ್ದ ಒಮ್ಮೆಯೂ ಬರುವುದಿಲ್ಲ. ಅವನು ಏನೋ ಹೇಳುತ್ತಾನೆ. ಅವಳು ಎದ್ದು ನಿಲ್ದಾಣದ ತುದಿಗೆ ಹೋಗುತ್ತಾಳೆ. ಆಚೆ ಬೆಳೆ ನಿಂತ ಹೊಲ, ಎಬ್ರೊ ನದಿ, ದಂಡೆಯ ಮರಗಳು. ಉತ್ತರ ಬರಬೇಕಾದ ಜಾಗದಲ್ಲಿ ಹೊಲ ಬಂತು, ಅಲ್ವಾ? ನಾಲ್ಕು ಸಲ ಓದಿದ ಮೇಲೆ ನನಗಿದು ಹೊಳೆಯಿತು.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಈ ವಿವರಕ್ಕೆ ಮೊದಲು ಒಂದು ಇಡೀ ಪ್ಯಾರಾ ಕೊಟ್ಟಿದ್ದೆ. ಅದನ್ನು ಒಡೆದು ಮಾತಿನ ನಡುವೆ ಇಟ್ಟೆ:

“ಸಾವ್ಕಾರ ಏನಂದ?”

“ಈ ಸಲ ಮುಂಗಡ ಇಲ್ಲಂತ, ಯವ್ವಾ.”

ಅವ್ವ ಒಡಲಿನ ಎಳೆ ಎತ್ತಿದಳು. ಸೆರಗಿನ ಎಳೆ ಸೇರಿಸಿ ಕೊಂಡಿ ಹಾಕಿದಳು. ಇನ್ನೊಂದು. ಮತ್ತೊಂದು.

“ರೊಟ್ಟಿ ಮುಚ್ಚಿಟ್ಟೀನಿ, ಉಣ್ಣು.”

ಮೊದಲು ನಡುವೆ “ಅವ್ವನಿಗೆ ದುಃಖ ಉಕ್ಕಿ ಬಂತು” ಅಂತ ಇತ್ತು. ತೆಗೆದೆ. ಕೊಂಡಿಯೇ ಅವಳ ಉತ್ತರ. ಈಗ ಆ ಕೊಂಡಿಯ ಸಾಲುಗಳನ್ನು ಮೊದಲ ಪ್ರಶ್ನೆಗಿಂತ ಮೇಲೆ ಇಟ್ಟು ಓದಿ. ಸುಮ್ನೆ ಕೆಲಸದ ವಿವರ ಆಗುತ್ತದೆ. ರೊಟ್ಟಿಯ ಮಾತಿನ ಕೆಳಗೆ ಇಡಿ. ಮುಂಗಡದ ಸುದ್ದಿ ಅವಳಿಗೆ ತಾಗಲೇ ಇಲ್ಲ ಅನ್ನಿಸುತ್ತದೆ. ಶಬ್ದಗಳು ಅವೇ, ಒಂದೂ ಹೆಚ್ಚುಕಡಿಮೆ ಇಲ್ಲ.

ಅದಕ್ಕೆ ನಾನು ಮಾಡುವುದಿಷ್ಟು: ಮಾತುಗಳನ್ನಷ್ಟೇ ಗಟ್ಟಿಯಾಗಿ ಓದುತ್ತೇನೆ. ಎಲ್ಲಿ ಒಬ್ಬರಿಗೆ ಉತ್ತರ ಕೊಡಲು ಆಗುವುದಿಲ್ಲವೋ ಅಲ್ಲಿ ಪೆನ್ಸಿಲ್ ಗೆರೆ. ವರ್ಣನೆ ಮೊದಲು ಆ ಗೆರೆಗೆ.

ಇನ್ನೊಂದು ಮಾತು. ಕನ್ನಡದಲ್ಲಿ ಸಂಭಾಷಣೆಯೇ ಅರ್ಧ ವರ್ಣನೆ ಮಾಡಿಬಿಡುತ್ತದೆ. “ಬರ್ರಿ, ಕೂಡ್ರಿ” ಅಂದರೆ ಒಂದು ಸಂಬಂಧ, “ಬಾರಲೇ” ಅಂದರೆ ಇನ್ನೊಂದು. ನನ್ನ ಕಥೆಯಲ್ಲಿ ಮಗ ಮೊದಲಿನಿಂದ ಸಾವ್ಕಾರನಿಗೆ “ಬರ್ರಿ” ಅನ್ನುತ್ತಾನೆ. ಕೊನೆಯ ಪುಟದಲ್ಲಿ “ಬಾ” ಅನ್ನುತ್ತಾನೆ. ಅಲ್ಲಿ ಮಗನ ಮುಖ ಹೇಗಿತ್ತು ಅಂತ ಬರೆದಿದ್ದ ಮೂರು ಸಾಲನ್ನು ನಿನ್ನೆ ಹೊಡೆದು ಹಾಕಿದೆ.